ಒಡಪಿನ ಹತ್ತೊಂಬತ್ತು ಸೆಕೆಂಡು

ಸಂಗಮನಾಥನ ಅಂಗಡಿಗೆ ಬೋರ್ಡಿಲ್ಲ. ಸಂಭಾಜಿನಗರದ ಗಾರಖೇಡಾದಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ಅದರ ಪಕ್ಕದ ಸಂದಿಯಲ್ಲಿ ಹೊಕ್ಕರೆ ತಗಡಿನ ಬಾಗಿಲು ಸಿಗುತ್ತದೆ. ಗಿರಣಿಯ ಹಿಟ್ಟು ಹಾರಿ ಬಂದು ಯಂತ್ರಗಳ ಮೂಗಿಗೆ ತುಂಬಬಾರದೆಂದು ಬಾಗಿಲಿನ ಬಿರುಕುಗಳಿಗೆಲ್ಲ ಹಳೆಯ ಸೀರೆಯ ಚಿಂದಿ ತುರುಕಿದ್ದಾನೆ. ಒಳಗೆ ಒಂದು ಕಂಪ್ಯೂಟರು. ಅದರ ಹೊಟ್ಟೆ ಯಾವಾಗಲೂ ಬಿಚ್ಚಿಕೊಂಡೇ ಇರುತ್ತದೆ. ಗುಜರಿಯಿಂದ ಆರಿಸಿ ತಂದ ನಾಲ್ಕು ಸಿಡಿ ಡ್ರೈವುಗಳು ಅದರ ಪಕ್ಕದಲ್ಲಿ ವೈರು ಕಚ್ಚಿಕೊಂಡು ಕೂತಿರುತ್ತವೆ. ಗೋಡೆಗೆ ಮಕ್ಕಳ ಕರಿಹಲಗೆ ಒಂದು. ಯಾವ ಸಿಡಿ ಎಷ್ಟು ಗಂಟೆಗೆ ಒಳಗೆ ಹೋಯಿತು, ಎಷ್ಟಕ್ಕೆ ಹೊರಗೆ ಬರಬೇಕು, ಯಾವುದು ನಡುವೆ ಹಟ ಹಿಡಿಯಿತು, ಎಲ್ಲ ಅದರ ಮೇಲೆ ಬಳಪದಲ್ಲಿ ಬರೆದಿರುತ್ತದೆ.

ಜನ ತಮ್ಮ ಮದುವೆ, ತೊಟ್ಟಿಲು, ಜವಳ, ಮನೆಯ ವಾಸ್ತುವಿನ ಹಳೆಯ ಸಿಡಿಗಳನ್ನು ಚೀಲದಲ್ಲಿ ತಂದು ಇವನ ಮುಂದೆ ಸುರಿಯುತ್ತಾರೆ. ಡಿವಿಡಿಯನ್ನೂ ನಮ್ಮವರು ಸಿಡಿ ಎಂದೇ ಕರೆಯುವುದು. ಇವನು ಒಂದೊಂದನ್ನೇ ಓದಿಸಿ, ಒಳಗಿನದನ್ನು ಕಂಪ್ಯೂಟರಿಗೆ ಇಳಿಸಿ, ಫೋನಿನಲ್ಲಿ ನೋಡಲು ಬರುವಂಥ ಫೈಲು ಮಾಡಿ ಕೊಡುತ್ತಾನೆ. ಹೇಳುವುದಕ್ಕೆ ಎರಡು ಸಾಲಿನ ಕೆಲಸ. ಚೆನ್ನಾಗಿರುವ ಸಿಡಿಯಾದರೆ ಇಳಿಯಲು ಅರ್ಧ ತಾಸು, ಫೈಲಾಗಲು ಅವನ ಹಳೆಯ ಕಂಪ್ಯೂಟರಿನಲ್ಲಿ ಮೂರು ತಾಸು. ಕೆಟ್ಟ ಸಿಡಿಯಾದರೆ ದಿನ ಹಿಡಿಯುತ್ತದೆ, ವಾರವೂ ಹಿಡಿಯುತ್ತದೆ. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಅದಕ್ಕೆ ಆಟೋರಿಕ್ಷಾದ ಹಳೆಯ ಬ್ಯಾಟರಿಗಳನ್ನು ಜೋಡಿಸಿ ತಾನೇ ಒಂದು ವ್ಯವಸ್ಥೆ ಮಾಡಿಕೊಂಡಿದ್ದಾನೆ.

ನಾನು ಐದನೇ ಇಯತ್ತೆಯ ಮೇಲೆ ಶಾಲೆ ಕಂಡವನಲ್ಲ. ನಾಸಿಕದಲ್ಲಿ ನಲವತ್ತು ವರ್ಷ ರೇಡಿಯೊ, ಟಿವಿ ಬಿಚ್ಚಿ ಜೋಡಿಸಿ ಅನ್ನ ಉಂಡೆ. ಯಂತ್ರ ನರಳಿದರೆ ಅದಕ್ಕೆ ಎಲ್ಲಿ ನೋವು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ, ಇದನ್ನು ನನಗೆ ಯಾವ ಮಾಸ್ತರನೂ ಕಲಿಸಿಲ್ಲ. ಆ ಕಿವಿ ನನ್ನ ನಂತರ ನಾನು ಕಂಡಿದ್ದು ಸಂಗಮನಾಥನಲ್ಲಿ ಮಾತ್ರ. ಅವನು ಹಿಂದಿನ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಿದ್ದರೂ ಡ್ರೈವಿನ ಗುಯ್‌ಗುಟ್ಟುವಿಕೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಎಂಜಲು ಕೈಯಲ್ಲೇ ಎದ್ದು ಬರುತ್ತಾನೆ.

ಅವನು ಔರಾದ್ ತಾಲ್ಲೂಕಿನವನು. ಹದಿನೆಂಟಕ್ಕೆ ಈ ಊರಿಗೆ ಬಂದು ಒಂದು ಫೋಟೋ ಸ್ಟುಡಿಯೋದಲ್ಲಿ ನೆಲ ಒರೆಸಿದ. ಒರೆಸುತ್ತ ಒರೆಸುತ್ತಲೇ ಕ್ಯಾಮೆರಾ ಕಲಿತ. ಮುಂದೆ ಸ್ವಂತದ್ದೊಂದು ವಿಡಿಯೋ ಕ್ಯಾಮೆರಾ ಹೆಗಲಿಗೇರಿಸಿದ ಮೇಲೆ ಜಾಲನಾ, ವೈಜಾಪುರ, ಯೇವಲಾ, ನಾಸಿಕ, ಎಲ್ಲೆಲ್ಲಿ ಬೀದರ್, ಕಲಬುರಗಿ ಕಡೆಯ ನಮ್ಮ ಮಂದಿ ಇದ್ದರೋ ಅಲ್ಲೆಲ್ಲ ಅವರ ಮದುವೆ ತೆಗೆಯಲು ಇವನೇ ಹೋಗಬೇಕು. ಅಕ್ಷತೆಗೆ ಮೊದಲು ಯಾರ ಕಾಲು ತೊಳೆಯಬೇಕು, ಸೋದರಮಾವ ಎಲ್ಲಿ ನಿಲ್ಲಬೇಕು ಎಂಬುದು ಇವನಿಗೆ ಐನೋರಿಗಿಂತ ಚೆನ್ನಾಗಿ ಗೊತ್ತಿತ್ತು. ಹದಿನಾರು ವರ್ಷ ಹೀಗೆ ನಡೆಯಿತು. ಆಮೇಲೆ ಹಾರುವ ಕ್ಯಾಮೆರಾಗಳ ಹುಡುಗರು ಬಂದರು, ಇವನನ್ನು ಕರೆಯುವವರು ಇಲ್ಲವಾದರು. ಹಿಂದೆ ತಾನು ತುಂಬಿಕೊಟ್ಟ ಸಿಡಿಗಳನ್ನೇ ಈಗ ಬರಿದು ಮಾಡಿಕೊಡುತ್ತಾನೆ.

ಹೋದ ವರ್ಷ ಏಪ್ರಿಲ್‌ನಲ್ಲಿ ನಾನೇ ಅವನ ಬಳಿಗೆ ಒಂದು ಸಿಡಿ ಒಯ್ದೆ. ಅದು ನಾಸಿಕದಲ್ಲಿ ನನ್ನ ಮನೆಗೆ ಎರಡು ಗಲ್ಲಿ ಆಚೆ ಇರುವ ಪ್ರೇಮಾಬಾಯಿಯದು. ಆಕೆಯ ಗಂಡ ವಿಶ್ವನಾಥಪ್ಪ ನನ್ನ ಕಡೆಯವನೇ, ಹುಮನಾಬಾದಿನವನು, ಬೇಳೆಕಾಳಿನ ವ್ಯಾಪಾರಿ. ಅವರ ಮಗಳು ಉಮಾಶ್ರೀ. ಮದುವೆಯಾಗಿ ಮೂರು ವರ್ಷಕ್ಕೆ ಗಂಡನ ಮನೆಯ ಅಡುಗೆಕೋಣೆಯಲ್ಲಿ ಸುಟ್ಟುಹೋದಳು. ಸ್ಟೋವು ಸಿಡಿಯಿತು ಎಂದರು ಗಂಡನ ಮನೆಯವರು. ಸ್ಟೋವು ಒಂದು ಡೊಂಕಿಲ್ಲದೆ ಮೂಲೆಯಲ್ಲಿ ಕೂತಿತ್ತು ಎಂದರು ನೋಡಿ ಬಂದವರು. ಕೇಸು ನಿಲ್ಲಲಿಲ್ಲ. ಅಳಿಯ ರವಿಕಾಂತ ಮರುವರ್ಷವೇ ಇನ್ನೊಂದು ಮದುವೆಯಾದ. ಅಂದಿನಿಂದ ಪ್ರೇಮಾಬಾಯಿಯ ಮನೆಯಲ್ಲಿ ಅವನ ಹೆಸರನ್ನು ಯಾರೂ ಬಾಯಿಗೆ ತಂದಿಲ್ಲ. ವಿಶ್ವನಾಥಪ್ಪನೂ ಹಿಂದಿನ ವರ್ಷ ತೀರಿಕೊಂಡ. ಪ್ರೇಮಾಬಾಯಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಪೂರ್ತಿ ಹೋಗಿದೆ, ಮಗ ಸೊಸೆಯ ಆಸರೆಯಲ್ಲಿದ್ದಾಳೆ.

ಒಂದು ದಿನ ಆಕೆ ನನ್ನನ್ನು ಕರೆಸಿ, ದೇವರ ಜಗಲಿಯಿಂದ ತಡವರಿಸಿ ಆ ಸಿಡಿಯನ್ನು ತೆಗೆದುಕೊಟ್ಟಳು. ಮಗಳ ಮದುವೆಯದು.

"ರೇವಣಪ್ಪಣ್ಣ, ಆಕೀ ಮಾರಿ ನನಗ ಕತ್ತಲ್ದಾಗೂ ಕಾಣ್ತದ. ದನಿ ಮರ್ತು ಹೋಗ್ಲತದ. ಸಾಯೂದ್ರೊಳಗ ಒಮ್ಮಿ ಕೇಳಸ್ರಿ," ಅಂದಳು.

ಚಿತ್ರದ ಹಂಗು ಆಕೆಗಿರಲಿಲ್ಲ. ದನಿ ಬೇಕಿತ್ತು, ಅಷ್ಟೇ. ನಾನು ಅದನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ.

ಸಂಗಮನಾಥ ಸಿಡಿಯನ್ನು ಬೆಳಕಿಗೆ ಹಿಡಿದು ಓರೆ ಮಾಡಿ ನೋಡಿದ. ಹೊಳೆಯುವ ಮೈ ಪೂರ್ತಿ ಬೂದಿ ಬಣ್ಣಕ್ಕೆ ತಿರುಗಿತ್ತು. ವಿಶ್ವನಾಥಪ್ಪ ಮಗಳು ಸತ್ತ ಮೇಲೆ ಅದನ್ನು ಜಗಲಿಯ ಮೇಲೆ ಲಿಂಗದ ಪಕ್ಕದಲ್ಲಿಟ್ಟಿದ್ದ. ಸೋಮವಾರಕ್ಕೊಮ್ಮೆ ಹಸಿ ಬಟ್ಟೆಯಿಂದ ಒರೆಸಿ, ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಿದ್ದ. ಹೆಸರು ಬರೆದ ಬದಿ ಬೆನ್ನು, ಹೊಳೆಯುವ ಬದಿ ಮುಖ ಎಂದು ಅವನ ಲೆಕ್ಕ. ಮುಖಕ್ಕಲ್ಲದೆ ಬೆನ್ನಿಗೆ ಯಾರಾದರೂ ವಿಭೂತಿ ಹಚ್ಚುತ್ತಾರೆಯೇ? ಕನ್ನಡಿಯಂತೆ ಹೊಳೆಯುವ ಆ ಬದಿಯಿಂದಲೇ ಯಂತ್ರ ಸಿಡಿಯನ್ನು ಓದುವುದು ಎಂಬುದು ಅವನಿಗೆ ಗೊತ್ತಿರಲಿಲ್ಲ. ವಿಭೂತಿ ಎಷ್ಟು ನುಣ್ಣಗಿದ್ದರೂ ಮಣ್ಣೇ. ಹದಿನಾಲ್ಕು ವರ್ಷ ವಾರಕ್ಕೊಮ್ಮೆ ಆ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಸುತ್ತಲೂ ಉಜ್ಜಿದ್ದ. ಮಗಳ ಮೇಲೆ ಜೀವವಿಲ್ಲದ ಅಪ್ಪನಾಗಿದ್ದರೆ ಆ ಸಿಡಿ ಟ್ರಂಕಿನ ತಳದಲ್ಲಿ ಬಿದ್ದು ಹೊಚ್ಚ ಹೊಸದಾಗಿ ಉಳಿದಿರುತ್ತಿತ್ತು.

"ಇದು ಸಿಡಿ ಅಲ್ರಿ ಕಾಕಾ, ಬೂದಿ ಹಾಕಿ ತಿಕ್ಕಿದ ತಾಟು," ಅಂದ ಸಂಗಮನಾಥ.

ಆಮೇಲೆ ಸಿಡಿಯ ಬೆನ್ನು ತಿರುಗಿಸಿ ಬರಹ ಓದಿದ. ಆ ಅಕ್ಷರ ಅವನದೇ. ಆ ಮದುವೆಯನ್ನು ತೆಗೆದವನೂ ಅವನೇ.

ಇಲ್ಲಿ ಒಂದು ಮಾತು ಹೇಳಬೇಕು. ಆಗಿನ ಮದುವೆ ವಿಡಿಯೋಗಳಲ್ಲಿ ಮಂದಿಯ ಮಾತು ಇರುತ್ತಿರಲಿಲ್ಲ. ಜನರೇಟರಿನ ಗದ್ದಲ, ಕೂಸುಗಳ ಅಳು, ಅಡುಗೆಯವರ ಜಗಳ, ಇವೆಲ್ಲ ಯಾರಿಗೆ ಬೇಕು ಎಂದು ಸ್ಟುಡಿಯೋದವರು ನಿಜವಾದ ದನಿಯನ್ನು ಪೂರ್ತಿ ಅಳಿಸಿ, ಆದಿಯಿಂದ ಅಂತ್ಯದವರೆಗೆ ಸಿನಿಮಾ ಹಾಡು ಹೊದಿಸಿಬಿಡುತ್ತಿದ್ದರು. ಜನರೂ ಅದನ್ನೇ ಕೇಳುತ್ತಿದ್ದರು. ಕಡಿಮೆ ಹಾಡು ಹಾಕಿದರೆ ಕೈ ಬಿಗಿ ಹಿಡಿದಿದ್ದಾನೆ ಎಂದು ಮೂಗು ಮುರಿಯುತ್ತಿದ್ದರು. ಹಾಡು ಹೊದಿಸಿದ ಮೇಲೆ ಮೂಲದ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ತೆಗೆಯುವುದು ರೂಢಿ. ಸಂಗಮನಾಥ ಹದಿನಾರು ವರ್ಷ ಇದನ್ನೇ ಮಾಡಿದ್ದ. ನೂರಾರು ಮನೆಗಳ ಅಜ್ಜಿ, ಅಪ್ಪ, ಮಗಳು ಇವನ ಸಿಡಿಗಳಲ್ಲಿ ಬಾಯಿ ಆಡಿಸುತ್ತಾರೆ, ದನಿ ಯಾರಿಗೂ ಇಲ್ಲ. ಅವರಲ್ಲಿ ಎಷ್ಟೋ ಮಂದಿ ಈಗ ಸತ್ತಿದ್ದಾರೆ. ಈ ಎರಡನೇ ದಂಧೆಗೆ ಕೂತ ಮೇಲೆ ಅವನಿಗೆ ಅದು ದಿನವೂ ಕಣ್ಣಿಗೆ ಚುಚ್ಚುತ್ತಿತ್ತು. ಹಾಗಾಗಿ ಯಾರದೇ ಸಿಡಿಯಾಗಲಿ, ಇದ್ದದ್ದನ್ನು ಇದ್ದಂತೆ ಇಳಿಸುವುದು, ಒಂದು ಚೂರೂ ಕತ್ತರಿಸುವುದಿಲ್ಲ ಎಂದು ಪಟ್ಟು ಹಿಡಿದಿದ್ದ.

ಹಾಗಾದರೆ ಇದರಲ್ಲಿ ದನಿಯೇ ಇಲ್ಲ ಎಂದು ನಾನು ಎದ್ದು ಹೊರಡುವಷ್ಟರಲ್ಲಿ ಅವನು ತಡೆದ. ಒಂದೇ ಒಂದು ಜಾಗದಲ್ಲಿ ಮಾತ್ರ ತಾನು ಹಾಡು ಹಾಕುತ್ತಿರಲಿಲ್ಲ ಎಂದ. ಊಟದ ಪಂಕ್ತಿಯಲ್ಲಿ ಗಂಡ ಹೆಂಡತಿ ತುತ್ತು ಇಡುವಾಗ ಹೆಣ್ಣುಮಕ್ಕಳು ಸುತ್ತುವರಿದು ಮದುಮಗಳಿಂದ ಒಡಪು ಹೇಳಿಸುತ್ತಾರೆ. ಗಂಡನ ಹೆಸರನ್ನು ಪದ್ಯದಲ್ಲಿ ಪೋಣಿಸಿ ಹೇಳುವುದು. ಅದನ್ನು ಕೇಳಲೆಂದೇ ಜನ ಸಿಡಿ ಹಾಕುತ್ತಿದ್ದರು, ಅದಕ್ಕೆ ಅಷ್ಟು ಜಾಗದಲ್ಲಿ ನಿಜದ ದನಿ ಬಿಡುತ್ತಿದ್ದ. ಇಪ್ಪತ್ತು ಸೆಕೆಂಡು ಇರಬಹುದು. ಉಮಾಶ್ರೀಯ ದನಿ ಈ ಲೋಕದಲ್ಲಿ ಎಲ್ಲಾದರೂ ಉಳಿದಿದ್ದರೆ ಆ ಇಪ್ಪತ್ತು ಸೆಕೆಂಡಿನಲ್ಲಿ ಉಳಿದಿರಬೇಕು.

ಸೋಪಿನ ನೀರಿನಲ್ಲಿ ತೊಳೆದು, ನಡುವಿನಿಂದ ಅಂಚಿಗೆ ಮೆತ್ತಗೆ ಒರೆಸಿ ಸಿಡಿಯನ್ನು ಡ್ರೈವಿಗೆ ಇಟ್ಟ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಳ್ಳುವುದು, ತೊಡಕಿನ ಜಾಗ ಬಿಟ್ಟು ಮುಂದೆ ಹಾರುವುದು. ಜೋಳ ಹಸನು ಮಾಡುವಾಗ ದೊಡ್ಡ ಕಾಳನ್ನು ಮೊದಲು ಕೇರುವಂತೆ. ಎರಡನೇ ಸುತ್ತಿನಲ್ಲಿ ಬಿಟ್ಟ ಜಾಗಗಳನ್ನು ಕೊನೆಯಿಂದ ಮೊದಲಿಗೆ ಓದಿಸುವುದು. ಮೂರನೆಯದರಲ್ಲಿ ಡ್ರೈವಿನ ಓಟ ತಗ್ಗಿಸಿ, ಒಂದೊಂದು ಅಗುಳನ್ನೂ ಹತ್ತು ಸಲ, ನೂರು ಸಲ ಕೇಳುವುದು. ಎಲ್ಲಿ ಸಿಕ್ಕಿತು, ಎಲ್ಲಿ ಸಿಗಲಿಲ್ಲ ಎಂಬ ನಕ್ಷೆ ಪರದೆಯ ಮೇಲೆ ಮೂಡುತ್ತದೆ. ಮೊದಲ ದಿನ ಸಂಜೆಗೆ ಅರ್ಧ ಬಂತು. ಒಡಪು ಇರಬೇಕಾದ ಜಾಗ ಕರ್ರಗೆ ಕೂತಿತ್ತು.

ನಾನು ನಾಸಿಕಕ್ಕೆ ತಿರುಗಿ ಹೋಗಲಿಲ್ಲ, ಅಲ್ಲೇ ಉಳಿದೆ. ಬಿಸಿಲು ಸುಡುತ್ತಿತ್ತು. ಡ್ರೈವು ಕಾದರೆ ಅದರ ಕಣ್ಣು ಮಂಜಾಗುತ್ತದೆ. ಕಿಟಕಿಗೆ ಒದ್ದೆ ಗೋಣಿ ಕಟ್ಟಿದೆವು. ಎರಡು ತಾಸು ಓದಿಸುವುದು, ಅರ್ಧ ತಾಸು ಆರಲು ಬಿಡುವುದು. ಒಂದು ಡ್ರೈವಿಗೆ ಕಾಣದ್ದು ಇನ್ನೊಂದಕ್ಕೆ ಕಾಣುತ್ತದೆಂದು ನಾಲ್ಕನ್ನೂ ಸರದಿಯಲ್ಲಿ ದುಡಿಸಿದ. ಎತ್ತಿನ ಜೊತೆ ಮಾತಾಡುವಂತೆ ಅವುಗಳ ಜೊತೆ ಮಾತಾಡುತ್ತಿದ್ದ. ಅವನ ಹೆಂಡತಿ ಮಲ್ಲಮ್ಮ ಬಂದು ಹಲಗೆಯ ಮೇಲೆ ಹೊತ್ತು ಬರೆದು, ಚಹಾ ಇಟ್ಟು ಹೋಗುತ್ತಿದ್ದಳು.

ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಹೊರೆಯೂ ಇತ್ತು. ಉಡುಪಿ ಕಡೆಯ ಮೋಹನದಾಸ ಎಂಬ ಹೋಟೆಲಿನವರು ತಮ್ಮ ಹೋಟೆಲಿನ ಇಪ್ಪತ್ತೈದನೇ ವರ್ಷಕ್ಕೆಂದು ಅರವತ್ತು ಸಿಡಿ ಕೊಟ್ಟಿದ್ದರು. ಮುಂದಿನ ವಾರವೇ ಕಾರ್ಯಕ್ರಮ. ನಾಲ್ಕನೇ ದಿನ ಅವರು ಬಾಗಿಲಲ್ಲಿ ನಿಂತು, "ಎಂತ ಮಾರಾಯ, ಇಷ್ಟು ಹೊತ್ತಿಗೆ ಅರವತ್ತು ಸಾವಿರ ಇಡ್ಲಿ ಬೇಯುತ್ತಿತ್ತು," ಅಂದರು.

"ನಿಮ್ಮ ಇಡ್ಲಿಗಿ ಯಾರೂ ವಿಭೂತಿ ಹಚ್ಚಿಲ್ರಿ," ಅಂದಳು ಮಲ್ಲಮ್ಮ ಒಳಗಿನಿಂದ.

ಅವರು ನಕ್ಕು ಹೋದರು. ಆದರೆ ಅವರ ಕೆಲಸ ನಿಲ್ಲಿಸುವಂತಿರಲಿಲ್ಲ. ಸಂಗಮನಾಥ ಅದಕ್ಕೆ ಒಂದು ಪದ್ಧತಿ ಇಟ್ಟುಕೊಂಡಿದ್ದ. ಇಳಿಸಿದ್ದನ್ನೆಲ್ಲ ಸಾಲಾಗಿ ಕಂಪ್ಯೂಟರಿಗೆ ಒಪ್ಪಿಸುವುದು. ಅದು ಒಂದೊಂದನ್ನೇ ಫೈಲು ಮಾಡುತ್ತ ಹೋಗುತ್ತದೆ. ಒಂದು ಮುಗಿದ ಕೂಡಲೇ ಅದರ ಮೂಲವನ್ನು, ಅಂದರೆ ಸಿಡಿಯಿಂದ ಇಳಿಸಿಟ್ಟದ್ದನ್ನು, ತಾನೇ ಅಳಿಸಿ ಮುಂದಿನದಕ್ಕೆ ಜಾಗ ಬಿಡಿಸುತ್ತದೆ. ಚಿಕ್ಕ ಕಣಜದವನು ಹೀಗೆ ಮಾಡದೆ ಗತಿಯಿಲ್ಲ. ಪ್ರೇಮಾಬಾಯಿಯ ಸಿಡಿಯಿಂದ ಇಳಿದದ್ದನ್ನು ಮಾತ್ರ ಆ ಸಾಲಿಗೆ ಸೇರಿಸದೆ ಬೇರೆ ಇಟ್ಟಿದ್ದ.

ಆರನೇ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸಂಗಮನಾಥ ಒಮ್ಮೆಲೇ ತಲೆ ಎತ್ತಿದ. ಡ್ರೈವಿನ ಕಟಕಟ ನಿಂತು ನೀಟಾದ ಗುಯ್ ಶುರುವಾಗಿತ್ತು. ಹೋಗಿ ನೋಡಿದರೆ ನಕ್ಷೆಯಲ್ಲಿ ಕರ್ರಗಿದ್ದ ಪಟ್ಟಿ ಅಲ್ಲಲ್ಲಿ ಒಡೆದಿತ್ತು. ಕೈ ತೊಳೆದು ಕೂತು, ಬಂದದ್ದನ್ನು ಹಾಕಿ ನೋಡಿದೆವು. ಹಾಡು ಸಾಗುತ್ತಿತ್ತು, ಚಿತ್ರ ಚೂರುಚೂರಾಗಿ ಕುಣಿಯುತ್ತಿತ್ತು. ಹಾಡು ನಿಂತಿತು. ಹೆಣ್ಣುಮಕ್ಕಳ ಕಲರವ. ಆಮೇಲೆ ಉಮಾಶ್ರೀ.

"ಜ್ವಾಳದ ಹೊಲದಾಗ ಹಕ್ಕಿಯ ಹಿಂಡು, ಕಡೆಗೋಲ ತುದಿಮ್ಯಾಲ ಬೆಣ್ಣಿಯ ಗುಂಡು, ಅವ್ವನ ಮಾರಿ, ಅಪ್ಪನ ಮಾರಿ ಕಂಡು, ಹೇಳತೀನಿ ಕೇಳ್ರಿ, ರವಿಕಾಂತರು ನನ್ನ ಗಂಡು."

ಕೊನೆಯ ಮಾತಿನ ಮೇಲೆಯೇ ನಕ್ಕಳು. ಮುಚ್ಚಿಕೊಂಡು ನಗುವ ಮದುಮಗಳ ನಗುವಲ್ಲ, ಹೊಟ್ಟೆಯಿಂದ ಉಕ್ಕಿದ್ದು. ಹೆಸರೂ ನಗುವೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಎಲ್ಲ ಸೇರಿ ಹತ್ತೊಂಬತ್ತು ಸೆಕೆಂಡು. ಮತ್ತೆ ಹಾಡು.

ಮಲ್ಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸಂಗಮನಾಥ ಕುರ್ಚಿಗೆ ಒರಗಿ ಉಸಿರು ಬಿಟ್ಟ. ಆರು ದಿನದಲ್ಲಿ ಅವನ ಬೆನ್ನು ಕುರ್ಚಿಗೆ ತಾಗಿದ್ದನ್ನು ನಾನು ಆಗಲೇ ಕಂಡಿದ್ದು.

ನನ್ನ ಕಿವಿಯಲ್ಲಿ ಮಾತ್ರ ಇನ್ನೊಂದೇ ಉಳಿದಿತ್ತು. ಆ ಹೆಸರು. ಮಗಳನ್ನು ಸುಟ್ಟವನೆಂದು ಆ ತಾಯಿ ನಂಬಿರುವವನ ಹೆಸರು, ಅದೂ ಮಗಳ ಬಾಯಿಂದ, ಅದೂ ಅಷ್ಟು ಸಡಗರದ ನಗುವಿನೊಂದಿಗೆ. ಕೇಳಿ ಆಕೆಯ ಎದೆ ಒಡೆದರೆ? ನಾನು ಸಂಗಮನಾಥನಿಗೆ ಹೇಳಿದೆ.

"ಆ ಹೆಸರು ಆ ಮನ್ಯಾಗ ಹದಿನೈದು ವರ್ಷದಿಂದ ಯಾರೂ ಎತ್ತಿಲ್ಲ. ಮಗಳ ಬಾಯಿಲಿಂದ್ಲೇ ಎತ್ತಸ್ತೀಯೇನು? ಹೆಸರು ಬರೋದ್ರಾಗ ಕೊಯ್ದು ಬಿಡು."

"ಒಮ್ಮಿ ಕೊಯ್ದಿದ್ದಕ್ಕೇ ಇಷ್ಟೆಲ್ಲ ಆಗೇದ್ರಿ ಕಾಕಾ. ಇದ್ದಂಗ ಕೊಟ್ಟು ಬಿಡೂಣು."

ಮಲ್ಲಮ್ಮ, "ಆ ಅವ್ವಗೇ ಒಂದ್ ಫೋನ್ ಹಚ್ಚಿ ಕೇಳ್ರಲ್ಲ," ಅಂದಳು.

ಕೇಳುವುದೆಂದರೆ ಆ ಹೆಸರನ್ನು ನಾವೇ ಆಕೆಯ ಕಿವಿಗೆ ಹಾಕಿದಂತಲ್ಲವೇ ಎಂದೆ. ನನ್ನ ವಯಸ್ಸು ಎಪ್ಪತ್ತೊಂದು, ಎಷ್ಟು ಮನೆಯ ದುಃಖ ಕಂಡಿದ್ದೇನೆ, ಯಾವ ಗಾಯವನ್ನು ಮುಟ್ಟಬಾರದು ಎಂದು ನನಗೆ ಗೊತ್ತಿದೆ ಎಂದೆ. ಅವನು ಇನ್ನೂ ಅನುಮಾನಿಸಿದ. ನಗುವನ್ನಾದರೂ ಉಳಿಸೋಣ ಎಂದ. ಹೆಸರಿಲ್ಲದೆ ನಗು ಬೇರ್ಪಡಿಸಲು ಬರಲಿಲ್ಲ. ಬಂದಿದ್ದರೂ ಆ ನಗು ಯಾಕೆಂದು ತಾಯಿಗೆ ತಿಳಿಯದಿರುತ್ತದೆಯೇ, ಅದೂ ಹೋಗಲಿ ಎಂದೆ. ಹಿರಿಯನ ಮಾತನ್ನು ಮೂರನೇ ಸಲ ತೆಗೆದುಹಾಕುವ ಸಂಸ್ಕಾರ ಅವನಿಗಿರಲಿಲ್ಲ. ಹದಿಮೂರನೇ ಸೆಕೆಂಡಿಗೆ ಗುರುತು ಹಾಕಿ, ಅಲ್ಲಿಗೆ ನಿಲ್ಲುವಂತೆ ಮಾಡಿ, ಅದನ್ನು ಫೈಲು ಮಾಡಲು ಸಾಲಿಗೆ ಸೇರಿಸಿದ. ಅದರ ಹಿಂದೆ ಮೋಹನದಾಸರ ಸಿಡಿಗಳು ನಿಂತಿದ್ದವು.

ಎರಡು ದಿನ ಬಿಟ್ಟು, ಹೋಟೆಲಿನ ಕೆಲಸವನ್ನೂ ಮುಗಿಸಿಕೊಂಡು, ಅವನೂ ನಾನೂ ನಾಸಿಕಕ್ಕೆ ಹೋದೆವು. ತಾನೇ ಆಕೆಯ ಕೈಗೆ ಕೊಡಬೇಕೆಂದು ಅವನ ಆಸೆ. ಆ ಮದುವೆಗೆ ಹಾಡು ಹೊದಿಸಿದವನು ತಾನೇ ಎಂದು ಹೇಳಿ ಕೈ ಮುಗಿಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸುತ್ತಿದ್ದ. ಹೋಗಿ ಹೇಳಿಯೂ ಹೇಳಿದ. ಪ್ರೇಮಾಬಾಯಿ ಅವನ ಕೈ ಹಿಡಿದು, ಆಗ ಎಲ್ಲರೂ ಹಾಗೇ ಮಾಡುತ್ತಿದ್ದರಲ್ಲ, ನಾವೇ ಹಾಡು ಬೇಕು ಅಂದಿದ್ದೆವು, ಅಂದಳು.

ಪುಟ್ಟ ಸ್ಪೀಕರನ್ನು ಆಕೆಯ ಮಡಿಲಲ್ಲಿಟ್ಟು ಗುಂಡಿ ಒತ್ತಿದ. ಜೋಳದ ಹೊಲ, ಬೆಣ್ಣೆಯ ಗುಂಡು, ಅವ್ವನ ಮಾರಿ, ಅಪ್ಪನ ಮಾರಿ ಕಂಡು. ನಿಂತಿತು. ಆಕೆಯ ಮುಖ ಅರಳಿದ್ದು ಅರಳಿದಂತೆಯೇ ಇತ್ತು, ಮುಂದಿನದಕ್ಕೆ ಕಿವಿಗೊಟ್ಟು.

"ನಗು ಎಲ್ಲದ ತಮ್ಮಾ?"

ಆಕೆ ಸ್ಪೀಕರನ್ನು ಬೆರಳಿನಿಂದ ತಡವಿದಳು.

"ಹೆಸರು ಹೇಳಿ ಆಕಿ ನಕ್ಕಿದ್ಳು. ನಾ ಬಾಜೂಕೇ ನಿಂತಿದ್ದೆ. ಈ ಒಡಪು ನಾನೇ ಕಲ್ಸಿದ್ದು, ಇನ್ನೊಂದ್ ಸಾಲು ಅದ. ಅದು ಬರ್ಲಿಲ್ಲೇನು?"

ಬರಲಿಲ್ಲ, ಸಿಡಿ ಅಷ್ಟಕ್ಕೇ ಸತ್ತಿದೆ ಎಂದುಬಿಡಬಹುದಿತ್ತು. ನನ್ನ ನಾಲಿಗೆಯ ತುದಿಯಲ್ಲಿ ಅದೇ ಇತ್ತು. ಸಂಗಮನಾಥ ಸುಳ್ಳು ಹೇಳಲಿಲ್ಲ. ಬಂದಿತ್ತು, ನಿಮಗೆ ನೋವಾದೀತೆಂದು ತೆಗೆದೆ ಎಂದ.

"ಆ ಹೆಸರಿಲಿಂದ ನನಗಿನ್ನೇನು ಆಗ್ತದ? ಆಗೋದು ಆಗಿ ಹೋಗೇದ. ಅವರ ಮನೀಗಿ ಹೋದಮ್ಯಾಲ ಆಕಿ ಹಂಗ ನಕ್ಕಿದ್ದು ನಾ ಕೇಳ್ಲೇ ಇಲ್ಲ. ಅದು ಬೇಕು ನನಗ."

ಅವನು ಗಡಬಡಿಸಿ ಎದ್ದ. ಮೂಲ ಕಂಪ್ಯೂಟರಿನಲ್ಲಿದೆ, ನಾಳೆಯೇ ಪೂರ್ತಿ ತಂದುಕೊಡುತ್ತೇನೆ ಎಂದ. ಆಕೆಯ ಮುಖ ಮತ್ತೆ ಅರಳಿತು. ನಾವು ಅದೇ ಮಧ್ಯಾಹ್ನದ ಬಸ್ಸು ಹಿಡಿದೆವು. ಯೇವಲಾ ದಾಟುವವರೆಗೆ ಅವನು ಹಗುರಾಗಿಯೇ ಇದ್ದ. ವೈಜಾಪುರದಲ್ಲಿ ಬಸ್ಸು ನಿಂತಾಗ ಒಮ್ಮೆಲೇ ನನ್ನ ತೋಳು ಹಿಡಿದ. ಕೊಯ್ದದ್ದನ್ನು ಸಾಲಿಗೆ ಸೇರಿಸಿದಾಗ, ಮುಗಿದ ಮೇಲೆ ಮೂಲ ಅಳಿಸು ಎಂಬ ಅಪ್ಪಣೆಯನ್ನು ಇದೊಂದಕ್ಕೆ ತೆಗೆದಿದ್ದೇನೋ ಇಲ್ಲವೋ ನೆನಪಾಗುತ್ತಿಲ್ಲ ಎಂದ.

ತೆಗೆದಿರಲಿಲ್ಲ. ಸಾವಿರ ಸಲ ಮಾಡಿದ ಕೆಲಸವನ್ನು ಕೈ ತಾನಾಗಿ ಮಾಡಿತ್ತು. ಬೇರೆ ಇಟ್ಟಿದ್ದ ಮೂಲ ಖಾಲಿಯಾಗಿತ್ತು. ಅಳಿಸಿದ್ದನ್ನು ಹೆಕ್ಕಿ ತೆಗೆಯುವ ದಾರಿಯೂ ಉಂಟು, ಆ ಜಾಗದ ಮೇಲೆ ಬೇರೇನೂ ಬರೆಯದಿದ್ದರೆ. ಆ ಜಾಗದ ಮೇಲೆ ಹೋಟೆಲಿನ ಪೂಜೆ, ಹೋಟೆಲಿನ ಊಟ, ಹೋಟೆಲಿನ ಸನ್ಮಾನ ಸಾಲುಸಾಲಾಗಿ ಬಂದು ಕೂತಿದ್ದವು. ನಾಲ್ಕು ತಾಸು ಹುಡುಕಿದ. ಹಾಡಿನ ಒಂದು ಚೂರು, ಮಂಟಪದ ಒಂದು ತುಂಡು, ಮತ್ತೇನಿಲ್ಲ.

ಸಿಡಿ ಇತ್ತಲ್ಲ. ಮರುದಿನ ಅದನ್ನು ಮತ್ತೆ ಡ್ರೈವಿಗಿಟ್ಟ. ಆರು ದಿನದ ಕಾವಿಗೆ, ತಿರುಗಿದ ತಿರುಗಾಟಕ್ಕೆ ನಡುವಿನ ತೂತಿನ ಸುತ್ತ ಬೆಳ್ಳಿಯ ಪೊರೆ ಉಬ್ಬಿತ್ತು. ಮೊದಲ ಡ್ರೈವು ಮೂರು ಸಲ ಕಟಕಟ ಎಂದು, ಒಳಗೆ ಸಿಡಿಯೇ ಇಲ್ಲ ಎಂದಿತು. ಎರಡನೆಯದು, ಮೂರನೆಯದು, ನಾಲ್ಕನೆಯದೂ ಅಂದದ್ದು ಅದೇ. ಊರಿನ ಗುಜರಿಯಲ್ಲಿ ಇನ್ನೆರಡು ಹಳೆಯ ಡ್ರೈವು ಹುಡುಕಿ ತಂದ. ಎಂಟು ದಿನ ಅನ್ನ ನೀರು ಬಿಟ್ಟವನಂತೆ ಕೂತ. ಒಂಬತ್ತನೇ ದಿನ ಸಿಡಿಯನ್ನು ಹೊರಗೆ ತೆಗೆದಾಗ ಹಾವಿನ ಪೊರೆಯಂತೆ ಬೆಳ್ಳಿ ಅವನ ಬೆರಳಿಗೆ ಅಂಟಿಕೊಂಡು ಬಂತು. ಅದರಾಚೆ ಬರೀ ಪಾರದರ್ಶಕ ಪ್ಲಾಸ್ಟಿಕ್ಕು, ಅದರ ಮೂಲಕ ಅವನ ಅಂಗೈಯ ರೇಖೆಗಳು ಕಾಣುತ್ತಿದ್ದವು.

ಫೋನಿನಲ್ಲಿ ಹೇಳಿಬಿಡು ಎಂದು ಮಲ್ಲಮ್ಮ ಕೂಡ ಹೇಳಲಿಲ್ಲ. ಮತ್ತೆ ನಾವಿಬ್ಬರೂ ನಾಸಿಕಕ್ಕೆ ಹೋದೆವು. ಪ್ರೇಮಾಬಾಯಿ ನಮ್ಮ ಹೆಜ್ಜೆಯಿಂದಲೇ ತಿಳಿದುಕೊಂಡಳೋ ಏನೋ, ಎದ್ದು ಬರಲಿಲ್ಲ. ಅವನು ನೆಲಕ್ಕೆ ಕೂತು ಆದದ್ದನ್ನೆಲ್ಲ ಹೇಳಿದ. ಆಕೆ ಅಳಲಿಲ್ಲ. ಸೊಸೆಯನ್ನು ಕರೆದು ಚಹಾ ಮಾಡಲು ಹೇಳಿದಳು. ಚಹಾ ಬಂದ ಮೇಲೆ ಮಾತಾಡಿದಳು.

"ಅವತ್ತ ಹಾಡು ಹಾಕಿ ಮುಚ್ಚಿದಿ. ಈಗ ಮರುಗಿ ಮುಚ್ಚಿದಿ. ಹಂಗ ಕೊಯ್ಯಂತ ನಿನಗ ಯಾರರ ಹೇಳಿದ್ರೇನು ತಮ್ಮಾ?"

ಸಂಗಮನಾಥ ನನ್ನ ಕಡೆ ನೋಡಲಿಲ್ಲ. ನೆಲವನ್ನೇ ನೋಡುತ್ತಿದ್ದ.

"ಯಾರೂ ಹೇಳಿಲ್ರಿ ಯಕ್ಕಾ. ನನ್ನದೇ ಬುದ್ಧಿ."

ನನ್ನ ಬಾಯಿ ತೆರೆಯಿತು. ಹಾಗೇ ಮುಚ್ಚಿಕೊಂಡಿತು. ನಲವತ್ತು ವರ್ಷ ಊರಿನವರ ರೇಡಿಯೊಗಳಿಗೆ ದನಿ ಬರಿಸಿದವನ ಬಾಯಿ. ಪ್ರೇಮಾಬಾಯಿ ಕಾಣದ ಕಣ್ಣನ್ನು ನಾನು ಕೂತ ದಿಕ್ಕಿಗೆ ತಿರುಗಿಸಿದಳು.

"ಅಣ್ಣಾ, ಛಾ ಆರ್ಲತದ. ಕುಡೀರಿ."

ಅವನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಯಾಕೆ ನಿಜ ಹೇಳಲಿಲ್ಲ ಎಂದು ಕೇಳಿದೆ. ಆಕೆಗೆ ಬೈಯಲು ದೂರದವನೊಬ್ಬ ಇದ್ದರೆ ಸಾಕು, ಮನೆಗೆ ಬಂದು ಹೋಗುವ ಅಣ್ಣನೊಬ್ಬ ಉಳಿಯಲಿ ಎಂದ. ಅದರಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸಹಿಸಲು ಸುಲಭವಾಗುತ್ತಿತ್ತು.

ಈಗ ಅವನು ಮೂಲ ಅಳಿಸುವ ಅಪ್ಪಣೆಯನ್ನು ಕಂಪ್ಯೂಟರಿನಿಂದ ಪೂರ್ತಿ ತೆಗೆದುಹಾಕಿದ್ದಾನೆ. ಜಾಗ ಸಾಲದೆ ಕೆಲಸ ದಿನಕ್ಕೆ ಎರಡು ಸಿಡಿಗೆ ನಿಲ್ಲುತ್ತದೆ. ಕೊಟ್ಟ ಮಾತಿಗೆ ಫೈಲು ಸಿಗದೆ ಜನ ಬೈದು ಬೇರೆ ಕಡೆ ಹೋಗುತ್ತಿದ್ದಾರೆ. ಮೋಹನದಾಸರೂ ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು. ಮದುವೆಯ ಸಿಡಿ ಬಂದರೆ ಅವನು ಕೈಯಲ್ಲಿ ಹಿಡಿದು ಮೊದಲು ಕೇಳುವುದು, ಇದರಲ್ಲಿರುವವರಲ್ಲಿ ಯಾರು ತೀರಿಕೊಂಡಿದ್ದಾರೆ ಎಂದು. ಕೆಲವರು ಅಪಶಕುನದ ಮಾತು ಎಂದು ಸಿಡಿ ಕಸಿದುಕೊಂಡು ಹೋಗುತ್ತಾರೆ. ಮಲ್ಲಮ್ಮ ಗಿರಣಿಯಲ್ಲಿ ಹಿಟ್ಟು ತೂಗುವ ಕೆಲಸಕ್ಕೆ ಸೇರಿದ್ದಾಳೆ.

ನಾನು ಸೋಮವಾರಕ್ಕೊಮ್ಮೆ ಪ್ರೇಮಾಬಾಯಿಯ ಮನೆಗೆ ಹೋಗುತ್ತೇನೆ. ಆಕೆ ಸ್ಪೀಕರು ಮಡಿಲಲ್ಲಿಟ್ಟುಕೊಂಡು ಹದಿಮೂರು ಸೆಕೆಂಡು ಕೇಳುತ್ತಾಳೆ. ಅಪ್ಪನ ಮಾರಿ ಕಂಡು ಎಂಬಲ್ಲಿಗೆ ದನಿ ನಿಲ್ಲುತ್ತದೆ. ಆಕೆ ಇನ್ನಷ್ಟು ಹೊತ್ತು, ಸುಮಾರು ಆರು ಸೆಕೆಂಡು ಇರಬಹುದು, ತಲೆ ವಾಲಿಸಿಕೊಂಡೇ ಕೂತಿರುತ್ತಾಳೆ. ಆಮೇಲೆ ಆ ಔರಾದಿನ ಹುಡುಗನ ಮೇಲೆ ಒಂದು ನಿಟ್ಟುಸಿರು ಬಿಟ್ಟು, ನನಗೆ ಚಹಾ ತರಿಸುತ್ತಾಳೆ. ನಾನು ಕುಡಿದು ಬರುತ್ತೇನೆ. ಹೋದ ಸೋಮವಾರವೂ ಹೇಳಲೆಂದೇ ಹೋಗಿದ್ದೆ. ಹೇಳಲಿಲ್ಲ.